ಕಾಗದದ ಮೇಜುಹಾಸು

ನಾನು ಅಬೀಲಿಯೊ. ಪೋರ್ತೊ ನಗರದ ಬೊನ್‌ಫಿಮ್ ಏರಿನಲ್ಲಿ
ಬೀಗದ ಕೈ ಕೊರೆಯುವವನು.
ಎದುರಿಗೇ ದೋನ ಗ್ರಾಸಿಯೆತಳ ಊಟದ ಮನೆ:
ಏಳು ಮೇಜು, ಒಂದು ಕಿಟಕಿ,
ಬಾಗಿಲ ಹಿಂದೆ ಕೈ ತೊಳೆಯುವ ತೊಟ್ಟಿ.
ಹತ್ತೊಂಬತ್ತು ವರ್ಷದಿಂದ ನನ್ನ ಮಧ್ಯಾಹ್ನ ಅಲ್ಲಿ.

ಮೆನು ಬರೆಯುವುದಿಲ್ಲ ಅವಳು, ವಾರ ನೋಡಿದರೆ ಸಾಕು.
ಸೋಮವಾರ ಉಪ್ಪುಮೀನು. ಮಂಗಳವಾರ ಬಾತುಕೋಳಿ ಅನ್ನ.
ಗುರುವಾರ ಕರುಳು, ಬಿಳಿ ಬೀನ್ಸಿನ ಜೊತೆ ಬೆಂದು ಬೆಂದು
ಬೀದಿಯ ತಿರುವಿನಲ್ಲೇ ಮೂಗು ಹಿಡಿದು ಎಳೆಯುವುದು.
ಬುಧವಾರ? ಬುಧವಾರ ಅವಳ ಮನಸ್ಸು.
ಲೆಕ್ಕವೆಲ್ಲ ಮೇಜಿಗೆ ಹಾಸಿದ ಕಾಗದದ ಮೇಲೇ:
ಸೂಪು, ಬ್ರೆಡ್ಡು, ಅರ್ಧ ಕುಪ್ಪಿ ಕೆಂಪು,
ಕೆಳಗೊಂದು ಗೆರೆ ಎಳೆದು
ಪೆನ್ಸಿಲು ಮತ್ತೆ ಕಿವಿಯ ಸಂದಿಗೆ.
ಒಮ್ಮೆ ಎಣ್ಣೆಯ ಕಲೆ ಸೊನ್ನೆಯಾಗಿ ಕೂತು
ನನ್ನ ಊಟಕ್ಕೆ ಎಂಬತ್ತು ಯೂರೊ ಆಯಿತು.
ಏಳೂ ಮೇಜು ನಕ್ಕವು. ಅವಳು ಮಾತ್ರ
"ಕೊಡು, ಹಳೇ ಬಾಕಿ ಎಷ್ಟಿದೆ ಗೊತ್ತಾ?" ಅಂದಳು.

ಜೂನಿನಲ್ಲಿ ಸಂತ ಯೋಹಾನನ ರಾತ್ರಿ
ಊರಿಗೆ ಊರೇ ಬೀದಿಯಲ್ಲಿ.
ಗುರುತಿಲ್ಲದವರೂ ಪ್ಲಾಸ್ಟಿಕ್ ಸುತ್ತಿಗೆಯಿಂದ
ನಿಮ್ಮ ತಲೆಗೊಂದು ಕುಟ್ಟಿ ನಗುತ್ತ ಹೋಗುವ ರಾತ್ರಿ.
ನಾನೂ ಅವಳಿಗೊಂದು ಕುಟ್ಟಿದೆ, ಮೆತ್ತಗೆ.
ಕೀಂ ಅಂದಿತು ಸುತ್ತಿಗೆ.
ಕೆಂಡದ ಮೇಲೆ ಬೂತಾಯಿ ಮಗುಚುತ್ತ, ತಿರುಗಿಯೂ ನೋಡದೆ ಹೇಳಿದಳು:
"ಈ ಸಲ ಆಗಸ್ಟಿಗೆ ಬಾಗಿಲು ಹಾಕುತ್ತೇನೆ, ಅಬೀಲಿಯೊ.
ಮೊಣಕಾಲು ಕೇಳುತ್ತಾ ಇದೆ."

ಆಗಸ್ಟು ಬಂತೆಂದರೆ ನಮ್ಮ ಏರು ಖಾಲಿ.
ಹೋಗುವವರೆಲ್ಲ ನನ್ನ ಕೈಗೊಂದು ಕೀಲಿ ಹಾಕುತ್ತಾರೆ.
ಮೂರನೇ ಮಹಡಿಯ ಫೆಲಿಜ್‌ಬೆರ್ತಳ ಬೆಕ್ಕಿಗೆ ಊಟ,
ದರ್ಜಿ ಅಮಾಂಡಿಯೊನ ಕಾಮಕಸ್ತೂರಿ ಕುಂಡಕ್ಕೆ ನೀರು
(ನೇರ ಮೂಸಬೇಡ, ಅಂಗೈಯಿಂದ ಸವರಿ ಅಂಗೈ ಮೂಸು,
ಮೂಗು ತಾಗಿದರೆ ಗಿಡ ಬಾಡುತ್ತೆ, ಅನ್ನುತ್ತಾನೆ.
ಮೂಸಿದ್ದೇನೆ. ಬಾಡಿಲ್ಲ. ಹೇಳಿಲ್ಲ.)
ಹನ್ನೊಂದು ಮನೆ ನನ್ನ ಜೇಬಿನಲ್ಲಿ ಗಿಲಿಗಿಲಿ.
ಅವಳು ಮಾತ್ರ ಕೀಲಿ ಕೊಡಲಿಲ್ಲ.
ಶಟರಿನ ಮೇಲೆ ಅದೇ ಮೇಜಿನ ಕಾಗದ, ಅದೇ ಪೆನ್ಸಿಲು:
"ರಜೆ. ಒಂದನೇ ತಾರೀಖು ಬನ್ನಿ."
ಯಾವ ತಿಂಗಳ ಒಂದು ಅಂತ ಬರೆದಿರಲಿಲ್ಲ.

ಹನ್ನೆರಡೂವರೆಗೆ ಕಾಲು ತಾನೇ ರಸ್ತೆ ದಾಟುತ್ತಿತ್ತು.
ನಿಂತು, ಓದಿ, ವಾಪಸು ಬರುತ್ತಿತ್ತು.
ಡಬ್ಬಿ ಮೀನು, ನಿನ್ನೆಯ ಬ್ರೆಡ್ಡು.
ಕೀಲಿಗಳ ಪುಡಿ ಉದುರಿದ ಮೇಜಿನ ಮೇಲೆ
ಗುರುವಾರ ಯಾವುದು, ಬುಧವಾರ ಯಾವುದು
ನಾಲಗೆಗೆ ತಿಳಿಯದೆ ಹೋಯಿತು.

ಮೂರನೇ ಭಾನುವಾರ ತಡೆಯಲಾರದೆ ಮೆಟ್ರೊ ಹತ್ತಿ
ಕಡಲ ಕಡೆ ಇಳಿದೆ, ಮತೊಸಿನ್ಯೊಸ್‌ನಲ್ಲಿ.
ಬೀದಿಗೇ ಇಟ್ಟ ಕೆಂಡದ ಒಲೆಗಳು, ಕಣ್ಣುರಿಯುವ ಹೊಗೆ,
ಮೂಲೆಯ ಮೇಜಿನಲ್ಲಿ ಒಬ್ಬಳೇ, ನೀಲಿ ಹೂವಿನ ಅಂಗಿ,
ಚಪ್ಪಲಿ ಕಳಚಿ: ಗ್ರಾಸಿಯೆತ.
ಕೂತಿದ್ದಳು.
ಹತ್ತೊಂಬತ್ತು ವರ್ಷದಲ್ಲಿ ಅವಳು ಕೂತದ್ದು ನಾನು ಕಂಡಿರಲಿಲ್ಲ.
ಮಾಣಿ ಬಂದಾಗಲೆಲ್ಲ ಅರ್ಧ ಏಳುವಳು.
ಖಾಲಿ ತಟ್ಟೆಗಳನ್ನು ತಾನೇ ಪೇರಿಸುವಳು.
ಪಕ್ಕದ ಮೇಜಿನ ಮಗು ಚೆಲ್ಲಿದ ನೀರನ್ನು
ತನ್ನ ಕರವಸ್ತ್ರದಲ್ಲಿ ಒರೆಸಿಯೂ ಬಿಟ್ಟಳು.

"ರಜೆಗೆ ಎಲ್ಲಿಗೆ ಹೋಗಿದ್ದೆ?" ಅಂದೆ.
"ಇಲ್ಲಿಗೇ. ದಿನಾ ಬರುತ್ತೇನೆ, ದಿನಾ ಬೇರೆ ಹೋಟೆಲು.
ಯಾರೋ ಮಾಡಿ ಬಡಿಸಿದ್ದು ಹೇಗಿರುತ್ತೆ ನೋಡಬೇಕಿತ್ತು."
"ಹೇಗಿದೆ?"
ಅಗಿದಳು. ಸಮುದ್ರದ ಕಡೆಗೊಮ್ಮೆ ನೋಡಿದಳು.
"ಉಪ್ಪು ಸಾಲದು" ಅಂದಳು. "ಆದರೆ ಬಿಸಿ ಇದೆ, ಅಬೀಲಿಯೊ.
ಬಾಯಿಗೆ ಬರುವ ಹೊತ್ತಿಗೂ ಬಿಸಿ ಇದೆ."

ಎದ್ದು ಹೋಗಿ ಉಪ್ಪಿನ ಡಬ್ಬಿ ತಂದಿಟ್ಟೆ.
ತಂದವನಿಗೆ ಟಿಪ್ಸು ಅನ್ನುತ್ತ ಒಂದು ಬೂತಾಯಿ ಎತ್ತಿ,
ತಲೆ ತೆಗೆದು, ಬೆನ್ನಮೂಳೆ ಒಂದೇ ಎಳೆತಕ್ಕೆ ಬಿಡಿಸಿ,
ನನ್ನ ಬ್ರೆಡ್ಡಿನ ಮೇಲಿಟ್ಟು
"ತಣ್ಣಗಾಗುತ್ತೆ, ತಿನ್ನು" ಅಂದಳು.

ಅಲ್ಲಿಗೆ ಮುಗಿಯಿತು ಅವಳ ರಜೆ.