ಹೈಮಾದಲ್ಲಿ ಹದಿನೇಳು ಪರ್ಸೆಂಟ್

ಪರದೆಯ ಬೆಳಕು ಪೂರಾ ಇಳಿಸು, ಅಂದಿದ್ದ ಫೆಲಿಕ್ಸ್,
ಲೊಕೇಶನ್ ಆರಿಸು. ನಾವೆಲ್ಲಿದ್ದೇವೆಂದು
ಇಲ್ಲಿ ಮರಳಿಗೇ ಗೊತ್ತಿಲ್ಲ, ಫೋನಿಗ್ಯಾಕೆ?

ಕ್ಯಾಂಪಿನ ಜನರೇಟರ್ ಕೆಟ್ಟು ಎರಡು ದಿನ.
ಹಗಲಿಡೀ ಪೈಪಿನ ನೆರಳಲ್ಲಿ
ಒದ್ದೆ ಟವೆಲಿನ ಪಕ್ಕ ಮಲಗಿಸಿದ್ದೆ ಅದನ್ನು,
ಜ್ವರದ ಕೂಸಿನ ಹಾಗೆ.

ಏಳೂವರೆ. ಊರಲ್ಲಿ ಒಂಬತ್ತು.
"ಅಪ್ಪ, ನೋಡು" ಅಂತ ಬಾಯಿ ತೆರೆದಳು ಶ್ರಾವ್ಯ.
ಕತ್ತಲೆ. ಬಾವಿಯೊಳಗೆ ಇಣುಕಿದಂತೆ.
"ಕಂಡಿತಾ?"
ಹೂಂ ಅಂದುಬಿಡಬಹುದಿತ್ತು.

ಬೆರಳು ತಾನೇ ಹೋಗಿ
ಬೆಳಕನ್ನು ತುದಿಯವರೆಗೆ ತಳ್ಳಿತು:
ಕೆಂಪು ಒಸಡಲ್ಲಿ ನುಚ್ಚಕ್ಕಿಯಷ್ಟು
ಬಿಳಿ.

ಹದಿನೇಳು ಹನ್ನೊಂದಾಯಿತು.
ನಸುಕಿನ ಪಾಳಿಗೆ ಆಗಲೇ ಮಲಗಿದ್ದ ಫೆಲಿಕ್ಸ್
ಮಗ್ಗುಲು ಬದಲಿಸಿ ಬೈದ:
ಯಾರೋ ಅದು,
ಇಷ್ಟು ಬೇಗ ಬೆಳಗು ಮಾಡಿದ್ದು?