ಒಂದಚ್ಚು ಬೆಲ್ಲ

ವಿಷ ಯಾವತ್ತೋ ಸತ್ತಿದೆ.
ಯಾವ ದೇಶದ ಯಾವ ನೆಲಮಾಳಿಗೆಯಲ್ಲೋ
ಬಿಸಿನೀರು ಹೊಯ್ದು ಬೆನ್ನು ಮುರಿದರಂತೆ.
ತೂಬಿನಕೆರೆಯ ನಮ್ಮ ಶೆಡ್ಡಿಗೆ ಬಂದದ್ದು
ಹೆಣ ತೊಳೆದ ನೀರು, ಹದಿನಾಲ್ಕು ನೀಲಿ ಪೀಪಾಯಿ.
ಕಾಗದದಲ್ಲಿ ಅದರ ತವರಿನ ಹೆಸರು ಸಾಸಿವೆ ಅನಿಲ.
ಒಗ್ಗರಣೆಯಲ್ಲಿ ಸಿಡಿಯುವ ಕಾಳಿಗೂ ಇದಕ್ಕೂ
ನೆಂಟಸ್ತನವಿಲ್ಲ; ಆದರೂ ಆ ತಿಂಗಳು
ನಾನು ಮನೆಯಲ್ಲಿ ಒಗ್ಗರಣೆ ಹಾಕಲಿಲ್ಲ.

ಕುಡಿಯುವವರು ಬೇಕಿತ್ತು ಇದನ್ನು.
ಸಕ್ಕರೆ ಕಾರ್ಖಾನೆಯ ಹಿಂದಿನ ಗುಂಡಿಯಿಂದ
ಶಿವನಂಜು ಎರಡು ಬಕೆಟ್ ಕೆಸರು ತಂದ:
ಕಣ್ಣಿಗೆ ಕಾಣದ ಕೋಟಿ ಬಾಯಿ.
ತೊಟ್ಟಿಗೆ ಬಿಟ್ಟು ಗಾಳಿ ಊದಿದೆವು.
ಒಂದು ವಾರ ಮೂಸಿಯೂ ನೋಡಲಿಲ್ಲ.
ಎರಡನೇ ವಾರ ಅರ್ಧಕ್ಕರ್ಧ ಸತ್ತವು.

"ಬರೀ ಕಹೀನ ಯಾರ್ ಉಣ್ತಾರೆ ಮೇಡಂ?"
ಅಂದವನು ಸೈಕಲ್ಲಿನ ಚೀಲದಿಂದ
ಒಂದಚ್ಚು ಬೆಲ್ಲ ತೆಗೆದು,
ನಾನು ಬೈಯುವಷ್ಟರಲ್ಲಿ
ತೊಟ್ಟಿಗೆ ಹಾಕಿಯೇಬಿಟ್ಟ.
ದಿನಚರಿ ಪುಸ್ತಕದಲ್ಲಿ ಬರೆದೆ:
ಇಂಗಾಲದ ಮೂಲ, ಅಂದಾಜು ಇನ್ನೂರು ಗ್ರಾಂ.

ನಾಲ್ಕನೇ ರಾತ್ರಿ ನೊರೆ ಎದ್ದಿತು,
ಆಲೆಮನೆಯ ಕೊಪ್ಪರಿಗೆಯಂತೆ, ಅಂಚು ಮೀರಿ.
ಮೀಟರಿನ ಮುಳ್ಳು ಇಳಿಯಿತು. ಇನ್ನಷ್ಟು ಇಳಿಯಿತು.
ಶಿವನಂಜು ಏನೂ ಅನ್ನದೆ ಬೀಡಿಗೆ ಹೊರಗೆ ಹೋದ.

ತಿಂದವೂ ಒಂದು ದಿನ ಸಾಯುತ್ತವೆ.
ತಳದಲ್ಲಿ ಉಳಿದದ್ದು ಕರಿ ಗಸಿ, ಉಪ್ಪು.
"ನಾಲೆಗೆ ಬಿಟ್ಬುಡನಾ?"
ಕಾಂಪೌಂಡಿನಾಚೆ ಯಾರೋ ಎಮ್ಮೆಯ ಮೈ ತಿಕ್ಕುತ್ತಿದ್ದರು,
ಬಾಲ ಹಿಡಿದುಕೊಂಡು, ನಿಧಾನವಾಗಿ.
ನಾನು ಹೊಸ ಪೀಪಾಯಿ ತರಿಸಿದೆ.
ಚೀಟಿಯ ಮೇಲೆ ಹದಿನೈದು ಎಂದು ಬರೆದು
ತಲುಪಬೇಕಾದ ಊರಿನ ಜಾಗ
ಖಾಲಿ ಬಿಟ್ಟೆ.