ಏನೂ ಕಟ್ಟದ್ದರ ಬೆಲೆ

ಲೂಸಿಂಡಾ ಟಫೋಯಾ ಮಾರಿದ್ದು ನೆಲವನ್ನಲ್ಲ,
ಇಲ್ಲಿ ಮನೆ ಏಳದಿರಲಿ ಎಂಬ ಒಂದು ಮಾತನ್ನು.
ಕೊಂಡದ್ದು ಕೊಲರಾಡೊದ ಪುಟ್ಟ ಕೌಂಟಿ,
ಊರವರ ಬೂಟು, ಟೈರು, ಬಿಯರಿನ ಮೇಲೆ
ಬಿದ್ದ ಪುಡಿಗಾಸಿನಿಂದ.

ಪತ್ರದಲ್ಲಿ ಹದಿನಾಲ್ಕು ಪುಟ ‘ಕೂಡದು’.
‘ಆಗಬಹುದು’ ಒಂದೇ ಸಾಲು: ದನ ಮೇಯಬಹುದು.

ಫೆಬ್ರವರಿ ಬಂತೆಂದರೆ ರೇಂಜರ್ ಓರಿನ್
ಬಂಡೆಯ ಹಾದಿಗೆ ಸರಪಳಿ ಬಿಗಿಯುತ್ತಾನೆ,
ಹದ್ದು ಮೊಟ್ಟೆಯಿಡುವ ಕಾಲ.
ತೆರಿಗೆ ನಮ್ಮದು, ಬೀಗ ನಿನ್ನದೋ? ಅನ್ನುತ್ತಾರೆ
ನಾಯಿ ಹಿಡಿದು ಬಂದವರು.
ಅವನು ಹೂಂಗುಟ್ಟಿ
ಪರದೇಶಿ ಕಳೆಯ ಬುಡಕ್ಕೆ ಗುದ್ದಲಿ ಹಾಕುತ್ತಾನೆ.

ಬಜೆಟ್ ಸಭೆಯಲ್ಲಿ ಒಬ್ಬ ಎದ್ದು ಕೇಳಿದ:
ಇಷ್ಟು ಸುರಿದು, ಕಡೆಗೆ ಅಲ್ಲೇನಿದೆ?

ಲೂಸಿಂಡಾಗೆ ಕೇಳಿಸಲಿಲ್ಲ,
ಕಿವಿಯಂತ್ರ ಮನೆಯಲ್ಲೇ ಮರೆತಿದ್ದಳು.
ಕಿಟಕಿಯಾಚೆ, ಮೂರು ಮೈಲಿ ದೂರದಲ್ಲಿ,
ತನ್ನ ಹಸುಗಳನ್ನು ಎಣಿಸುತ್ತಿದ್ದಳು.